ಸಂಕ್ಷೇಪವೂ ಯಂತ್ರಬುದ್ಧಿಯೂ: ಪಾಠಸಂಪಾದಕನ ದೃಷ್ಟಿಯಿಂದ ಒಂದು ವಿವೇಚನೆ

ಪ್ರಸ್ತಾವನೆ

ತಾಳೆಗರಿಯ ಅಂಚು ಮುರಿದೋ, ಹುಳು ತಿಂದೋ, ಮಸಿ ಅಳಿಸಿಯೋ ಒಂದೆರಡು ಅಕ್ಷರಗಳು ಲುಪ್ತವಾಗಿರುವ ಸ್ಥಳಕ್ಕೆ ಬಂದಾಗ ಸಂಪಾದಕನು ಏನು ಮಾಡುತ್ತಾನೆಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಇದೆ. ಹಿಂದುಮುಂದಿನ ಪದಗಳನ್ನು ನೋಡುತ್ತಾನೆ. ಪದ್ಯವಾದರೆ ಮಾತ್ರೆಗಳನ್ನು ಎಣಿಸುತ್ತಾನೆ. ಗ್ರಂಥಕರ್ತನ ಶೈಲಿಯನ್ನೂ ಅದೇ ವಿಷಯವನ್ನು ಹೇಳುವ ಅನ್ಯಗ್ರಂಥಗಳನ್ನೂ ಸ್ಮರಿಸುತ್ತಾನೆ. ಇಂತಹ ಅಕ್ಷರವೇ ಇಲ್ಲಿ ಇದ್ದಿರಬೇಕೆಂದು ಊಹಿಸುತ್ತಾನೆ. ಶಾಸ್ತ್ರವನ್ನೂ ಭಾಷೆಯನ್ನೂ ಬಲ್ಲವನ ಊಹೆ ಬಹುಮಟ್ಟಿಗೆ ಸರಿಯಾಗುತ್ತದೆ. ಅರಿಯದವನ ಊಹೆ ತಪ್ಪುತ್ತದೆ. ಆದುದರಿಂದ ಲುಪ್ತಾಕ್ಷರವನ್ನು ಊಹಿಸುವ ಸಾಮರ್ಥ್ಯವು ಜ್ಞಾನವನ್ನು ಅಳೆಯುವ ಒಂದು ಮಾನವೆಂದು ಹೇಳಬಹುದು.

ಈ ಸಾಮಾನ್ಯಾನುಭವವು ಕಳೆದ ಮುಕ್ಕಾಲು ಶತಮಾನದಲ್ಲಿ ಗಣಿತದ ರೂಪವನ್ನು ಪಡೆದಿದೆ. ಲಿಖಿತ ಸಾಮಗ್ರಿಯನ್ನು ಅತ್ಯಲ್ಪ ಸ್ಥಳದಲ್ಲಿ ಅಡಕಗೊಳಿಸುವ ವಿದ್ಯೆಗೆ ದತ್ತಾಂಶ ಸಂಕ್ಷೇಪಣವೆಂದು ಹೆಸರು. ಈ ವಿದ್ಯೆಯೂ, ಇಂದು ಭಾಷೆಯನ್ನು ಬರೆಯುವ ಗಣಕಯಂತ್ರಗಳ ಬುದ್ಧಿಯೂ ಮೂಲದಲ್ಲಿ ಒಂದೇ ಎಂಬ ಮತವು ಆ ಶಾಸ್ತ್ರಜ್ಞರಲ್ಲಿ ಬಲವಾಗಿ ಬೇರೂರಿದೆ. ಹಸ್ತಪ್ರತಿಗಳನ್ನು ಓದುವ ಮತ್ತು ತುಂಬುವ ಕಾರ್ಯಕ್ಕೂ ಯಂತ್ರಗಳು ಬರುತ್ತಿರುವುದರಿಂದ ಈ ಮತದ ಸ್ವರೂಪವೇನು, ಅದು ಎಲ್ಲಿಯವರೆಗೆ ಸತ್ಯ, ಪಾಠಸಂಶೋಧನೆಗೆ ಅದರಿಂದ ಬರುವ ಸಹಾಯವೇನು, ಭಯವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

೧. ಅರ್ಧಚ್ಛೇದವೂ ಬಿಟ್ ಎಂಬ ಮಾನವೂ

ಮೊದಲು ಮಾನವನ್ನು ತಿಳಿಯಬೇಕು. ೧೯೪೮ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಕ್ಲಾಡ್ ಶಾನನ್ ಅವರು ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿದರು. ಅದರಲ್ಲಿ ಸುದ್ದಿಯ ಪ್ರಮಾಣವನ್ನು ಅಳೆಯಲು ಬಿಟ್ ಎಂಬ ಮಾನವನ್ನು ಬಳಸಿದರು. ಸಮಾನ ಸಂಭವವುಳ್ಳ ಎರಡರಲ್ಲಿ ಒಂದನ್ನು ನಿರ್ಧರಿಸುವ ‘ಹೌದು’ ಅಥವಾ ‘ಅಲ್ಲ’ ಎಂಬ ಒಂದು ಉತ್ತರವೇ ಒಂದು ಬಿಟ್. ಎಂಟರಲ್ಲಿ ಒಂದನ್ನು ನಿರ್ಧರಿಸಲು ಮೂರು ಉತ್ತರಗಳು ಬೇಕು: ಎಂಟು ನಾಲ್ಕಾಗುತ್ತದೆ, ನಾಲ್ಕು ಎರಡಾಗುತ್ತದೆ, ಎರಡು ಒಂದಾಗುತ್ತದೆ.

ಧವಲಾ ಟೀಕೆಯನ್ನು ಓದಿದವರಿಗೆ ಈ ಗಣನೆ ಹೊಸದಲ್ಲ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಸಂಖ್ಯೆಯನ್ನು ವೀರಸೇನಾಚಾರ್ಯರು ಆ ರಾಶಿಯ ಅರ್ಧಚ್ಛೇದವೆಂದು ಕರೆದಿದ್ದಾರೆ. ಎಂಟರ ಅರ್ಧಚ್ಛೇದ ಮೂರು. ಗೊಮ್ಮಟಸಾರದ ಪರಂಪರೆಯಲ್ಲಿ ಇನ್ನೂ ಸಮೀಪದ ಉದಾಹರಣೆ ಇದೆ. ೬೪ ಮೂಲವರ್ಣಗಳ ಏಕಸಂಯೋಗ, ದ್ವಿಸಂಯೋಗಾದಿ ಭೇದಗಳೆಲ್ಲವನ್ನೂ ಕೂಡಿಸಿದರೆ ಶ್ರುತಾಕ್ಷರಗಳ ಸಂಖ್ಯೆ ಏಕಟ್ಠಿಯಲ್ಲಿ ಒಂದು ಕಡಿಮೆ, ಅಂದರೆ ೧,೮೪,೪೬,೭೪,೪೦,೭೩,೭೦,೯೫,೫೧,೬೧೫ ಆಗುತ್ತದೆ. ಏಕಟ್ಠಿಯ ಅರ್ಧಚ್ಛೇದ ೬೪. ಪ್ರತಿಯೊಂದು ವರ್ಣವೂ ಸಂಯೋಗದಲ್ಲಿ ಉಂಟೋ ಇಲ್ಲವೋ ಎಂಬ ೬೪ ಉತ್ತರಗಳಿಂದ ಈ ಅಪಾರ ರಾಶಿಯೊಳಗಿನ ಯಾವುದೇ ಒಂದನ್ನು ಗುರುತಿಸಬಹುದು. ಇಂದಿನ ಗಣಕಯಂತ್ರದ ೬೪ ಬಿಟ್‌ಗಳ ಒಂದು ಘಟಕವು ಧರಿಸಬಲ್ಲ ಭೇದಗಳೂ ಏಕಟ್ಠಿಯಷ್ಟೇ.

ಇಷ್ಟರಿಂದ ಶಾನನ್ನರ ಸಿದ್ಧಾಂತವೆಲ್ಲ ಧವಲೆಯಲ್ಲಿ ಇದೆಯೆಂದು ಹೇಳಲಾಗದು. ವೀರಸೇನರ ಪ್ರಯೋಜನ ದ್ರವ್ಯಪ್ರಮಾಣದ ಗಣನೆ. ಶಾನನ್ನರ ಪ್ರಯೋಜನ ಸುದ್ದಿಯ ಗಣನೆ. ಶಾನನ್ನರು ಹೊಸದಾಗಿ ಸೇರಿಸಿದ ಅಂಶ ಸಂಭವನೀಯತೆ. ಎರಡಕ್ಕೆ ಒಂದರಂತೆ ಸಂಭವಿಸುವ ಅಕ್ಷರಕ್ಕೆ ಒಂದು ಬಿಟ್ ಸಾಕು. ೧೦೨೪ಕ್ಕೆ ಒಂದರಂತೆ ಸಂಭವಿಸುವ ಅಕ್ಷರಕ್ಕೆ ೧೦೨೪ರ ಅರ್ಧಚ್ಛೇದವಾದ ಹತ್ತು ಬಿಟ್ ಬೇಕು. ನಿರೀಕ್ಷಿತವಾದುದು ಅಲ್ಪಮೂಲ್ಯದ್ದು, ಅನಿರೀಕ್ಷಿತವಾದುದು ಬಹುಮೂಲ್ಯದ್ದು. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದೇ ನಿರ್ಣಾಯಕವಾಗುತ್ತದೆ.

೨. ಶಾನನ್ನರ ಪ್ರಯೋಗ

೧೯೫೧ರಲ್ಲಿ ಶಾನನ್ನರು ಮುದ್ರಿತ ಇಂಗ್ಲಿಷನ್ನು ಕುರಿತು ಒಂದು ಪ್ರಯೋಗವನ್ನು ಪ್ರಕಟಿಸಿದರು. ಪುಸ್ತಕದ ಒಂದು ಭಾಗವನ್ನು ಮರೆಮಾಡಿ, ಮುಂದಿನ ಅಕ್ಷರ ಯಾವುದೆಂದು ಒಬ್ಬರನ್ನು ಕೇಳುವುದು. ಊಹೆ ಸರಿಯಾದರೆ ಅಲ್ಲಿ ಗೆರೆ ಎಳೆಯುವುದು. ತಪ್ಪಾದರೆ ಮಾತ್ರ ನಿಜವಾದ ಅಕ್ಷರವನ್ನು ಬರೆಯುವುದು. ಉದಾಹರಿಸಿದ ೧೨೯ ಅಕ್ಷರಗಳಲ್ಲಿ ೮೯, ಅಂದರೆ ನೂರಕ್ಕೆ ೬೯ರಷ್ಟು, ಸರಿಯಾಗಿ ಊಹಿತವಾದವು. ಕಾಗದದ ಮೇಲೆ ಉಳಿದುದು ೪೦ ಅಕ್ಷರಗಳು ಮತ್ತು ಗೆರೆಗಳು.

ಇಲ್ಲಿ ಶಾನನ್ನರು ಎತ್ತಿದ ಕಲ್ಪನೆ ಮನೋಹರವಾಗಿದೆ. ಊಹಿಸಿದವನಿಗೆ ಸರ್ವಥಾ ಸಮಾನನಾದ, ಅವನಂತೆಯೇ ಯೋಚಿಸುವ ಒಬ್ಬ ಅವಳಿ ಸಹೋದರನು ದೂರದ ಊರಿನಲ್ಲಿದ್ದಾನೆಂದು ಭಾವಿಸೋಣ. ಅವನಿಗೆ ಈ ಗೆರೆಗಳನ್ನೂ ಉಳಿದ ಅಕ್ಷರಗಳನ್ನೂ ಕಳುಹಿಸಿದರೆ ಸಾಕು. ಮೊದಲನೆಯವನು ಊಹಿಸಿದಲ್ಲೆಲ್ಲ ಅವನೂ ಅದನ್ನೇ ಊಹಿಸಿ, ತಪ್ಪಿದಲ್ಲಿ ಕಳುಹಿಸಿದ ಅಕ್ಷರವನ್ನು ಇಟ್ಟು, ಮೂಲಪಾಠವನ್ನು ಒಂದಕ್ಷರವೂ ಕೆಡದಂತೆ ಪುನಃ ಬರೆಯಬಲ್ಲನು. ಇಬ್ಬರಿಗೂ ಸಮಾನವಾದ ಜ್ಞಾನವನ್ನು ಕಳುಹಿಸಬೇಕಾಗಿಲ್ಲ. ಜ್ಞಾನಕ್ಕೆ ಮೀರಿದುದನ್ನು ಮಾತ್ರ ಕಳುಹಿಸಬೇಕು.

೨೬ ಅಕ್ಷರಗಳೂ ಪದಗಳ ನಡುವಣ ತೆರಪೂ ಸೇರಿ ೨೭ ಚಿಹ್ನೆಗಳಿಗೆ, ಏನೂ ತಿಳಿಯದವನ ಪಾಲಿಗೆ, ಅಕ್ಷರವೊಂದಕ್ಕೆ ಸುಮಾರು ೪.೭೫ ಬಿಟ್ ಬೇಕಾಗುತ್ತದೆ. ಹಿಂದಿನ ನೂರು ಅಕ್ಷರಗಳನ್ನು ಕಂಡು ಊಹಿಸುವವನಿಗೆ ಅದು ೦.೬ರಿಂದ ೧.೩ ಬಿಟ್‌ಗಳೊಳಗೆ ಇಳಿಯುತ್ತದೆಂದು ಶಾನನ್ನರು ಗಣಿಸಿದರು. ಇವೆರಡರ ಅಂತರವೇ ಆ ಊಹಕನ ಭಾಷಾಜ್ಞಾನದ ಪ್ರಮಾಣ. ಸಂಕ್ಷೇಪಕ್ಕೂ ಬುದ್ಧಿಗೂ ಇರುವ ಸಂಬಂಧವು ಇಲ್ಲಿ ಪ್ರಥಮತಃ ಸಂಖ್ಯಾರೂಪವನ್ನು ಪಡೆಯಿತು.

೩. ಸಂಜ್ಞೆ ಮತ್ತು ಅತಿದೇಶ

ಈ ಸಿದ್ಧಾಂತವನ್ನು ಅನುಸರಿಸಿ ಬಂದ ವಿಧಾನಗಳಲ್ಲಿ ಎರಡು ನಮ್ಮ ಗ್ರಂಥಪರಂಪರೆಯ ಅಭ್ಯಾಸಗಳನ್ನು ನೆನಪಿಗೆ ತರುತ್ತವೆ.

ಒಂದನೆಯದು, ಪದೇಪದೇ ಬರುವುದಕ್ಕೆ ಹ್ರಸ್ವವಾದ ಸಂಕೇತವನ್ನು ಕೊಡುವುದು. ಮೋರ್ಸ್ ತಂತಿಲಿಪಿಯಲ್ಲಿ ಇಂಗ್ಲಿಷಿನ ಅತಿಬಳಕೆಯ ‘ಇ’ ಅಕ್ಷರಕ್ಕೆ ಒಂದೇ ಬಿಂದುವನ್ನು ಕೊಟ್ಟಿರುವುದು ಇದರ ಹಳೆಯ ನಿದರ್ಶನ. ಡೇವಿಡ್ ಹಫ್‌ಮನ್ ಅವರು ೧೯೫೨ರಲ್ಲಿ, ಅಕ್ಷರಗಳ ಆವೃತ್ತಿ ಗೊತ್ತಿದ್ದರೆ ಅತ್ಯಂತ ಹ್ರಸ್ವವಾದ ಸಂಕೇತಮಾಲೆಯನ್ನು ರಚಿಸುವ ಕ್ರಮವನ್ನು ಪ್ರಕಟಿಸಿದರು. ಪೂಜ್ಯಪಾದರ ಜೈನೇಂದ್ರ ವ್ಯಾಕರಣದಲ್ಲಿ ವೃದ್ಧಿಗೆ ಐಪ್, ಗುಣಕ್ಕೆ ಏಪ್, ಸಮಾಸಕ್ಕೆ ಸ, ಬಹುವ್ರೀಹಿಗೆ ಬ ಎಂಬ ಸಂಜ್ಞೆಗಳಿರುವುದನ್ನು ಇಲ್ಲಿ ಹೋಲಿಸಬಹುದು. ಪೂಜ್ಯಪಾದರು ಆವೃತ್ತಿಗಳನ್ನು ಎಣಿಸಿದರೆಂದು ನಮ್ಮ ಅಭಿಪ್ರಾಯವಲ್ಲ. ಲಾಘವದ ದೃಷ್ಟಿ ಸಮಾನವೆಂಬುದಿಷ್ಟೇ. ಆದರೆ ಸೂತ್ರವು ಹ್ರಸ್ವವಾದಷ್ಟೂ ಸಂಜ್ಞಾಜ್ಞಾನವಿಲ್ಲದವನಿಗೆ ಅದು ಮುಚ್ಚಿದ ಪೆಟ್ಟಿಗೆ. ಅಭಯನಂದಿಯ ಮಹಾವೃತ್ತಿಯಿಲ್ಲದೆ ಜೈನೇಂದ್ರವನ್ನು ಓದುವುದು ಎಷ್ಟು ಕಷ್ಟವೆಂಬುದನ್ನು ವೈಯಾಕರಣರು ಬಲ್ಲರು.

ಎರಡನೆಯದು, ಹಿಂದೆ ಹೇಳಿದುದನ್ನು ಪುನಃ ಹೇಳದೆ ಅದರತ್ತ ಬೆರಳು ತೋರಿಸುವುದು. ಇಸ್ರೇಲಿನ ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ ಅವರು ೧೯೭೭ ಮತ್ತು ೧೯೭೮ರಲ್ಲಿ ಪ್ರಕಟಿಸಿದ ವಿಧಾನಗಳ ಸಾರ ಇದು. ಬಂದ ಪದಸಮೂಹವೇ ಮತ್ತೆ ಬಂದಾಗ ಯಂತ್ರವು ‘ಇಷ್ಟು ಹಿಂದೆ ಹೋಗಿ ಇಷ್ಟು ಅಕ್ಷರಗಳನ್ನು ತೆಗೆದುಕೋ’ ಎಂಬ ನಿರ್ದೇಶವನ್ನು ಮಾತ್ರ ಬರೆಯುತ್ತದೆ. ಇಂದು ಕಡತಗಳನ್ನು ಅಡಕಗೊಳಿಸುವ ಬಹುಪಾಲು ಸಾಧನಗಳು ಈ ವಂಶದವು. ಅರ್ಧಮಾಗಧೀ ಆಗಮಗಳ ಹಸ್ತಪ್ರತಿಗಳಲ್ಲಿ ‘ಜಾವ’ ಎಂಬ ಪದವೂ ‘ವಣ್ಣಓ’ ಎಂಬ ಸೂಚನೆಯೂ ಮಾಡುವ ಕೆಲಸ ಇದೇ. ನಗರ, ಚೈತ್ಯ, ರಾಜರ ವರ್ಣನೆಯನ್ನು ಔಪಪಾತಿಕದಲ್ಲಿ ಒಮ್ಮೆ ವಿಸ್ತರಿಸಿ, ಅನ್ಯತ್ರ ‘ವರ್ಣಕದಂತೆ’ ಎಂದು ಬಿಡಲಾಗಿದೆ. ನಿರ್ದಿಷ್ಟವಾದ ಮೂಲ ಉಳಿದಿರುವವರೆಗೆ ಇದರಿಂದ ನಷ್ಟವಿಲ್ಲ. ಮೂಲವು ಲುಪ್ತವಾದರೆ ನಿರ್ದೇಶವು ನಿರರ್ಥಕವಾಗುತ್ತದೆ.

ಈ ಎರಡು ನಿದರ್ಶನಗಳಿಂದ ಸಿದ್ಧವಾಗುವ ನಿಯಮ ಒಂದೇ. ಸಂಕ್ಷಿಪ್ತ ರೂಪವು ಸ್ವತಂತ್ರವಲ್ಲ. ಅದನ್ನು ಬಿಡಿಸಬಲ್ಲ ಜ್ಞಾನವು ಬೇರೊಂದೆಡೆ ಸುರಕ್ಷಿತವಾಗಿರಬೇಕು.

೪. ಹ್ರಸ್ವತಮ ವಿವರಣೆಯೇ ಜ್ಞಾನವೆಂಬ ವಾದ

೧೯೬೦ರ ದಶಕದಲ್ಲಿ ಈ ವಿಚಾರವು ತಾರ್ಕಿಕರ ಕೈಗೆ ಹೋಯಿತು. ಅಮೆರಿಕದ ರೇ ಸಾಲೊಮೊನಾಫ್ ೧೯೬೪ರಲ್ಲಿಯೂ ರಷ್ಯದ ಆಂದ್ರೇ ಕೊಲ್ಮೊಗೊರೊವ್ ೧೯೬೫ರಲ್ಲಿಯೂ, ಅನಂತರ ಗ್ರೆಗರಿ ಚೈಟಿನ್ ಅವರೂ, ಪರಸ್ಪರ ಸ್ವತಂತ್ರವಾಗಿ ಒಂದೇ ನಿರ್ಣಯಕ್ಕೆ ಬಂದರು. ಒಂದು ಅಕ್ಷರಮಾಲೆಯನ್ನು ಉತ್ಪಾದಿಸಬಲ್ಲ ಅತ್ಯಂತ ಹ್ರಸ್ವವಾದ ಯಂತ್ರಸೂತ್ರದ ಉದ್ದವೇ ಆ ಮಾಲೆಯ ಜಟಿಲತೆ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಕೋಟಿ ಸ್ಥಾನಗಳವರೆಗೆ ಬರೆದರೆ ಅಂಕಿಗಳಲ್ಲಿ ಯಾವ ಕ್ರಮವೂ ಕಾಣದು. ಆದರೂ ಅವನ್ನು ಉತ್ಪಾದಿಸುವ ನಿಯಮವನ್ನು ಕೆಲವೇ ಪಂಕ್ತಿಗಳಲ್ಲಿ ಹೇಳಬಹುದು. ನಿಯಮವನ್ನು ಕಂಡವನು ಆ ಕೋಟಿ ಅಂಕಿಗಳನ್ನು ತಿಳಿದಂತಾಯಿತು.

ಸಾಲೊಮೊನಾಫ್ ಇದನ್ನು ಅನುಮಾನಕ್ಕೆ ಅನ್ವಯಿಸಿದರು. ಕಂಡ ದೃಷ್ಟಾಂತಗಳನ್ನು ವಿವರಿಸುವ ಹಲವು ನಿಯಮಗಳಲ್ಲಿ ಹ್ರಸ್ವವಾದುದಕ್ಕೆ ಹೆಚ್ಚು ಪ್ರಾಮಾಣ್ಯವನ್ನಿತ್ತು ಕಾಣದುದನ್ನು ಊಹಿಸಬೇಕೆಂಬುದು ಅವರ ಪ್ರತಿಪಾದನೆ. ಆದರೆ ಹ್ರಸ್ವತಮ ಸೂತ್ರವನ್ನು ಎಲ್ಲ ಸಂದರ್ಭಗಳಲ್ಲಿಯೂ ಕಂಡುಹಿಡಿಯಬಲ್ಲ ಯಂತ್ರವಿಧಾನ ಇರಲಾರದೆಂಬುದೂ ಸಿದ್ಧವಾಗಿದೆ. ಆದ್ದರಿಂದ ವ್ಯವಹಾರದಲ್ಲಿ ಸಮೀಪವರ್ತಿಯಾದ ಮಾರ್ಗವನ್ನು ಹಿಡಿಯಬೇಕಾಯಿತು. ಫಿನ್ಲೆಂಡಿನವರಾದ ಯೋರ್ಮಾ ರಿಸ್ಸಾನೆನ್ ೧೯೭೮ರಲ್ಲಿ ಅಂತಹ ಮಾರ್ಗವೊಂದನ್ನು ತೋರಿಸಿದರು: ನಿಯಮದ ಉದ್ದ, ಆ ನಿಯಮವನ್ನು ಇಟ್ಟುಕೊಂಡು ಉಳಿದುದನ್ನು ಬರೆಯಲು ಬೇಕಾಗುವ ಉದ್ದ, ಇವೆರಡರ ಮೊತ್ತ ಕನಿಷ್ಠವಾಗಬೇಕು. ಸೂತ್ರವನ್ನು ಮಾತ್ರ ಹ್ರಸ್ವಗೊಳಿಸಿ ವೃತ್ತಿಯನ್ನು ಬೆಳೆಸಿದರೆ ಲಾಘವವಿಲ್ಲ. ಅಪವಾದಗಳಿಗೆಲ್ಲ ಒಂದೊಂದು ಸೂತ್ರ ಮಾಡಿದರೂ ಲಾಘವವಿಲ್ಲ.

೫. ಈಚಿನ ಯಂತ್ರಗಳು

೧೯೭೬ರಿಂದ ರೂಪುಗೊಂಡ ಅಂಕಗಣಿತೀಯ ಸಂಕೇತನ ಎಂಬ ವಿಧಾನವು ಊಹೆಗೂ ಸಂಕ್ಷೇಪಕ್ಕೂ ನೇರವಾದ ಸೇತುವೆಯನ್ನು ಕಟ್ಟಿತು. ಮುಂದಿನ ಅಕ್ಷರದ ಸಂಭವನೀಯತೆಯನ್ನು ಹೇಳಬಲ್ಲ ಯಾವುದೇ ಊಹಕನನ್ನು ಈ ವಿಧಾನದಿಂದ ಸಂಕ್ಷೇಪಕನನ್ನಾಗಿ ಮಾಡಬಹುದು. ಊಹೆ ಉತ್ತಮವಾದಷ್ಟೂ ಕಡತ ಕಿರಿದಾಗುತ್ತದೆ. ಜಾನ್ ಕ್ಲಿಯರಿ ಮತ್ತು ಇಯಾನ್ ವಿಟನ್ ೧೯೮೪ರಲ್ಲಿ, ಹಿಂದಿನ ಕೆಲವು ಅಕ್ಷರಗಳ ಆಧಾರದಿಂದ ಮುಂದಿನದನ್ನು ಊಹಿಸುವ ಸಂಕ್ಷೇಪಣ ಕ್ರಮವನ್ನು ಪ್ರಕಟಿಸಿದರು.

೨೦೦೬ರಲ್ಲಿ ಮಾರ್ಕಸ್ ಹಟ್ಟರ್ ಅವರು ಇದನ್ನು ಯಂತ್ರಬುದ್ಧಿಯ ಪರೀಕ್ಷೆಯಾಗಿಯೇ ಮಾಡಿ ಒಂದು ಬಹುಮಾನವನ್ನು ಸ್ಥಾಪಿಸಿದರು. ಇಂಗ್ಲಿಷ್ ವಿಕಿಪೀಡಿಯ ವಿಶ್ವಕೋಶದ ನಿಯತ ಭಾಗವೊಂದನ್ನು ಏನೂ ಕೆಡದಂತೆ ಅತ್ಯಂತ ಕಿರಿದಾಗಿಸಬೇಕು. ಬಿಡಿಸುವ ಸೂತ್ರದ ಗಾತ್ರವನ್ನೂ ಲೆಕ್ಕಕ್ಕೆ ಸೇರಿಸಬೇಕು. ಮೊದಲಿಗೆ ಆ ಭಾಗ ೧೦ ಕೋಟಿ ಬೈಟ್‌ಗಳಷ್ಟಿತ್ತು. ೨೦೨೦ರಲ್ಲಿ ೧೦೦ ಕೋಟಿಗೆ ಏರಿಸಲಾಯಿತು. ೨೦೨೪ರ ವೇಳೆಗೆ ಇದು ಸುಮಾರು ೧೧ ಕೋಟಿ ಬೈಟ್‌ಗಳಿಗೆ, ಎಂದರೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿದಿತ್ತು.

ಇಂದು ಪ್ರಶ್ನೆಗಳಿಗೆ ಉತ್ತರವನ್ನು ಬರೆಯುವ ಬೃಹತ್ ಭಾಷಾಯಂತ್ರಗಳ ಮೂಲಶಿಕ್ಷಣವೂ ಮುಂದಿನ ಪದಾಂಶವನ್ನು ಊಹಿಸುವುದೇ. ಶಿಕ್ಷಣಕಾಲದಲ್ಲಿ ಕನಿಷ್ಠಗೊಳಿಸುವ ದೋಷದ ಮೊತ್ತವು ಆ ಪಾಠವನ್ನು ಅಡಕಗೊಳಿಸಲು ಬೇಕಾಗುವ ಬಿಟ್‌ಗಳ ಸಂಖ್ಯೆಗೆ ಸಮಾನ. ೨೦೨೩ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಸಂಶೋಧಕರು, ಮುಖ್ಯವಾಗಿ ಲಿಖಿತ ಭಾಷೆಯಿಂದ ಶಿಕ್ಷಿತವಾದ, ಏಳು ಸಾವಿರ ಕೋಟಿ ಪರಿಮಾಣಗಳುಳ್ಳ ‘ಚಿಂಚಿಲಾ’ ಎಂಬ ಯಂತ್ರದಿಂದ ಚಿತ್ರಗಳ ತುಣುಕುಗಳನ್ನು ಮೂಲಗಾತ್ರದ ನೂರಕ್ಕೆ ೪೩.೪ಕ್ಕೂ ಧ್ವನಿಮುದ್ರಿಕೆಗಳನ್ನು ೧೬.೪ಕ್ಕೂ ಇಳಿಸಿದರು. ಚಿತ್ರಗಳಿಗಾಗಿಯೇ ರಚಿತವಾದ ಪಿ.ಎನ್.ಜಿ. ವಿಧಾನದಿಂದ ೫೮.೫, ಧ್ವನಿಗಾಗಿ ರಚಿತವಾದ ಫ್ಲ್ಯಾಕ್ ವಿಧಾನದಿಂದ ೩೦.೩ ಮಾತ್ರ ಸಾಧ್ಯವಾಗಿತ್ತು. ಆದರೆ ಯಂತ್ರದ ಸ್ವಂತ ಗಾತ್ರವನ್ನು ಲೆಕ್ಕಕ್ಕೆ ಸೇರಿಸಿದರೆ ಈ ಲಾಭವೆಲ್ಲ ಕರಗುತ್ತದೆಂದು ಅವರೇ ತೋರಿಸಿದ್ದಾರೆ. ಇಲ್ಲಿಯೂ ಸೂತ್ರ ಕಿರಿದು, ವೃತ್ತಿ ಹಿರಿದು.

೬. ಶಂಕೆ ಮತ್ತು ಸಮಾಧಾನ

ಇಲ್ಲಿ ಒಂದು ಶಂಕೆ ಉಂಟಾಗಬಹುದು. ಉತ್ತಮ ಊಹೆಯೇ ಸಂಕ್ಷೇಪವಾದರೆ, ಸಂಕ್ಷೇಪವೇ ಬುದ್ಧಿಯಾದರೆ, ಸಮಸ್ತ ಗ್ರಂಥಗಳನ್ನು ಓದಿದ ಯಂತ್ರವು ಲುಪ್ತಪಾಠಗಳನ್ನು ತುಂಬಲು ಪಂಡಿತನಿಗಿಂತ ಯೋಗ್ಯವಲ್ಲವೇ?

ಸಮಾಧಾನವನ್ನು ಶಾನನ್ನರ ಅವಳಿಗಳಲ್ಲಿಯೇ ಹುಡುಕಬೇಕು. ದೂರದ ಸಹೋದರನು ಮೂಲವನ್ನು ಯಥಾವತ್ತಾಗಿ ಬರೆಯಲು ಸಾಧ್ಯವಾದುದು ಅವನ ಊಹಾಶಕ್ತಿಯೊಂದರಿಂದಲ್ಲ. ಊಹೆ ತಪ್ಪಿದ ಸ್ಥಳಗಳ ನಿಜವಾದ ಅಕ್ಷರಗಳು ಅವನ ಕೈಯಲ್ಲಿದ್ದುವು. ಈ ಭಾಗವನ್ನು ಅವಶೇಷವೆಂದು ಕರೆಯೋಣ. ಊಹೆ ಮತ್ತು ಅವಶೇಷ ಎರಡೂ ಕೂಡಿದರೆ ಮೂಲಪಾಠ. ಅವಶೇಷವನ್ನು ಬಿಟ್ಟು ಊಹೆಯಿಂದಲೇ ಬರೆಸಿದರೆ ಬರುವುದು ಸಂಭಾವ್ಯ ಪಾಠ. ಅದು ನಿರ್ದುಷ್ಟವಾಗಿ, ಓದಲು ಸರಾಗವಾಗಿ ಇರುತ್ತದೆ. ಇಂತಹ ಗ್ರಂಥದಲ್ಲಿ ಸಾಮಾನ್ಯವಾಗಿ ಇರುವಂತಹುದೇ ಆಗಿರುತ್ತದೆ. ಈ ಗರಿಯಲ್ಲಿ ಇದ್ದುದೇ ಎಂಬುದಕ್ಕೆ ಮಾತ್ರ ಅದರಲ್ಲಿ ಪ್ರಮಾಣವಿಲ್ಲ. ಸಂಕ್ಷೇಪಕಾರ್ಯದಲ್ಲಿ ಯಂತ್ರವನ್ನು ಪ್ರತಿಯೊಂದು ಅಕ್ಷರದಲ್ಲಿಯೂ ಮೂಲವು ತಿದ್ದುತ್ತಿರುತ್ತದೆ. ರಚನಾಕಾರ್ಯದಲ್ಲಿ ಅದನ್ನು ತಿದ್ದುವವರಿಲ್ಲ.

ಇನ್ನೊಂದು ಮಾತು. ಅನಿರೀಕ್ಷಿತವಾದುದೇ ಬಹುಮೂಲ್ಯವೆಂದು ಮೊದಲೇ ಹೇಳಿದೆ. ಕ್ಲಿಷ್ಟತರವಾದ ಪಾಠವನ್ನು ಸುಲಭವಾಗಿ ತಳ್ಳಬಾರದೆಂಬ ಪಾಠಸಂಶೋಧನೆಯ ನಿಯಮವೂ ಇದನ್ನೇ ಹೇಳುತ್ತದೆ. ಹಳಗನ್ನಡದ ೞಕಾರವನ್ನು ನೋಡಬಹುದು. ಅದು ಉಚ್ಚಾರಣೆಯಿಂದ ಮರೆಯಾದ ಬಳಿಕ ಲಿಪಿಕಾರರು ಅದರ ಸ್ಥಾನದಲ್ಲಿ ತಮಗೆ ಪರಿಚಿತವಾದ ಳಕಾರವನ್ನು ಬರೆದರು. ನಾಶವಾಗು ಎಂಬರ್ಥದ ‘ಅೞಿ’ಯೂ ದುಂಬಿ ಎಂಬರ್ಥದ ‘ಅಳಿ’ಯೂ ಹೀಗೆ ಒಂದಾದುವು. ಗ್ರಂಥದ ಕಾಲನಿರ್ಣಯಕ್ಕೂ ಶ್ಲೇಷದ ವಿವೇಚನೆಗೂ ಬೇಕಾದ ಸಾಕ್ಷ್ಯವು ಆ ಒಂದು ಅಕ್ಷರದಲ್ಲಿತ್ತು. ಆ ಲಿಪಿಕಾರನು ಅಜ್ಞಾನಿಯಲ್ಲ. ತನ್ನ ಕಾಲದ ಭಾಷೆಯ ಉತ್ತಮ ಊಹಕ. ಈಚಿನ ಪುಸ್ತಕಗಳಿಂದಲೇ ಶಿಕ್ಷಿತವಾದ ಯಂತ್ರವೂ ಅದೇ ಕಾರಣದಿಂದ ಅದೇ ತಪ್ಪನ್ನು, ಅವನಿಗಿಂತ ಸಾವಿರ ಪಾಲು ವೇಗದಿಂದ, ಮಾಡುವ ಸಂಭವವಿದೆ.

ಹಾಗೆಂದು ಯಂತ್ರವು ತ್ಯಾಜ್ಯವಲ್ಲ. ಯಾನಿಸ್ ಅಸ್ಸಾಯೆಲ್, ಥಿಯಾ ಸಾಮರ್‌ಶೀಲ್ಡ್ ಮೊದಲಾದವರು ಪ್ರಾಚೀನ ಗ್ರೀಕ್ ಶಾಸನಗಳ ಲುಪ್ತಭಾಗಗಳನ್ನು ತುಂಬಲು ‘ಇಥಾಕಾ’ ಎಂಬ ಯಂತ್ರವನ್ನು ರಚಿಸಿ ೨೦೨೨ರಲ್ಲಿ ವರದಿಯನ್ನು ಪ್ರಕಟಿಸಿದರು. ಪರೀಕ್ಷಾರ್ಥವಾಗಿ ಮರೆಮಾಡಿದ ಅಕ್ಷರಗಳನ್ನು ಯಂತ್ರವೊಂದೇ ನೂರಕ್ಕೆ ೬೨ರಷ್ಟು ಸರಿಯಾಗಿ ತುಂಬಿತು. ಇತಿಹಾಸಜ್ಞರು ಸ್ವತಃ ೨೫ರಷ್ಟು. ಯಂತ್ರದ ಸೂಚನೆಗಳನ್ನು ನೋಡಿ ಇತಿಹಾಸಜ್ಞರು ನಿರ್ಣಯಿಸಿದಾಗ ೭೨ರಷ್ಟು. ಯಂತ್ರವು ಒಂದೇ ಉತ್ತರವನ್ನು ಹೇಳದೆ ಹಲವು ಊಹೆಗಳನ್ನು ಸಂಭವನೀಯತೆಯ ಕ್ರಮದಲ್ಲಿ ಮುಂದಿಟ್ಟಿತು. ಆಯ್ಕೆಯನ್ನು ವಿದ್ವಾಂಸರು ಮಾಡಿದರು. ಈ ಸಹಯೋಗವು ಅನುಕರಣೀಯವಾಗಿದೆ.

೭. ‘ಸಂಜದ’ ಪದದ ಪ್ರಸಂಗ

ಊಹೆಯನ್ನು ಹೇಗೆ ಬಳಸಬೇಕೆಂಬುದಕ್ಕೆ ನಮ್ಮ ಕ್ಷೇತ್ರದ್ದೇ ಆದ ಒಂದು ಪ್ರಸಂಗವನ್ನು ಸ್ಮರಿಸುವುದು ಉಚಿತ. ೧೯೩೯ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಷಟ್ಖಂಡಾಗಮದ ಪ್ರಥಮ ಸಂಪುಟವು ಧವಲಾಟೀಕಾಸಹಿತವಾಗಿ ಪ್ರಕಟವಾಯಿತು. ಮೂಡಬಿದಿರೆಯ ತಾಳೆಗರಿಗಳು ಆಗ ಸಂಪಾದಕರ ಕೈಗೆ ದೊರೆತಿರಲಿಲ್ಲ. ಅವುಗಳಿಂದ ಪರಂಪರೆಯಾಗಿ ಇಳಿದ ಪ್ರತಿಗಳೇ ಆಧಾರ. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಆ ಪ್ರತಿಗಳಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಪ್ರಕರಣವನ್ನು ಪರಿಶೀಲಿಸಿದ ಸಂಪಾದಕರಿಗೆ ಅಲ್ಲಿ ಆ ಪದವು ಇರಬೇಕೆಂದು ತೋರಿತು. ಅವರು ಅದನ್ನು ಸೂತ್ರದೊಳಗೆ ಸೇರಿಸಲಿಲ್ಲ. ಪ್ರತಿಗಳಲ್ಲಿದ್ದಂತೆಯೇ ಸೂತ್ರವನ್ನು ಮುದ್ರಿಸಿ, ಪದವು ಬಿಟ್ಟುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಇದರಿಂದ ಎದ್ದ ವಾದವಿವಾದಗಳನ್ನೂ ಆ ಪದದ ಸೈದ್ಧಾಂತಿಕ ಫಲಿತಾರ್ಥವನ್ನೂ ಇಲ್ಲಿ ಚರ್ಚಿಸುವುದಿಲ್ಲ. ಮುಂದೆ ಮೂಡಬಿದಿರೆಯ ತಾಳೆಗರಿಗಳನ್ನು ಪರಿಶೀಲಿಸಿದಾಗ ಆ ಪದವು ಅಲ್ಲಿ ಕಂಡುಬಂದಿತೆಂಬುದಷ್ಟೇ ಪ್ರಕೃತಕ್ಕೆ ಸಾಕು. ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ‘ಸಂಜದ’ ಬರುವಲ್ಲಿ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿದುದೇ ಲೋಪಕ್ಕೆ ಕಾರಣವಾಗಿರಬಹುದು. ಸಮಾನಾಕ್ಷರಗಳು ಒತ್ತಾಗಿ ಬಂದಾಗ ಇಂತಹ ಸ್ಖಲನ ಸಾಮಾನ್ಯ.

ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶಗಳು ಎರಡು. ಸಂಪಾದಕರ ಊಹೆ ನಿಜವಾಯಿತು. ಶಾಸ್ತ್ರಜ್ಞಾನವು ಊಹಾಶಕ್ತಿಯಾಗಿ ಪ್ರಕಟವಾಗುತ್ತದೆಂಬ ಶಾನನ್ನರ ಮತಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ದೊರೆಯುವುದು ಕಷ್ಟ. ಆದರೆ ಅದನ್ನು ನಿಜವೆಂದು ತೋರಿಸಿದುದು ಗರಿ. ಸಂಪಾದಕರು ಪದವನ್ನು ಮೌನವಾಗಿ ಸೂತ್ರದೊಳಗೆ ಸೇರಿಸಿದ್ದರೆ ಮುಂದಿನವರಿಗೆ ಊಹೆ ಯಾವುದು, ಪ್ರತಿಯ ಪಾಠ ಯಾವುದು ಎಂಬ ಭೇದವೇ ತಿಳಿಯುತ್ತಿರಲಿಲ್ಲ. ಗರಿಗಳು ನಷ್ಟವಾಗಿದ್ದರೆ ಊಹೆಯು ಎಂದಿಗೂ ಊಹೆಯಾಗಿಯೇ ಉಳಿಯುತ್ತಿತ್ತು.

ಉಪಸಂಹಾರ

ಸಂಕ್ಷೇಪಕ್ಕೂ ಬುದ್ಧಿಗೂ ಇರುವ ಸಂಬಂಧವು ಗಣಿತದಿಂದ ಸಿದ್ಧವಾದುದು. ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ಭಾಷೆಯನ್ನು ಬಲ್ಲವನು ಅದನ್ನು ಅಡಕಗೊಳಿಸಬಲ್ಲನು. ಅಡಕಗೊಳಿಸಬಲ್ಲ ಯಂತ್ರಕ್ಕೆ ಭಾಷೆಯ ಒಂದು ಬಗೆಯ ಜ್ಞಾನವಿದೆ. ಆದರೆ ಆ ಜ್ಞಾನವು ಸಾಮಾನ್ಯದ ಜ್ಞಾನ. ಹಸ್ತಪ್ರತಿಯ ಪ್ರಾಮಾಣ್ಯವು ವಿಶೇಷದಲ್ಲಿದೆ, ಊಹೆಗೆ ಸಿಕ್ಕದೆ ಉಳಿದ ಅವಶೇಷದಲ್ಲಿದೆ.

ಆದುದರಿಂದ ಯಂತ್ರಸಹಾಯದಿಂದ ಪಾಠಸಂಶೋಧನೆಗೆ ತೊಡಗುವವರು ಮೂರನ್ನು ಬೇರೆಬೇರೆಯಾಗಿ ಇಡತಕ್ಕದ್ದು. ಮೊದಲನೆಯದು ಗರಿ, ಮತ್ತು ಯಾವ ಅಂಶವನ್ನೂ ಕಳೆಯದ ವಿಧಾನದಿಂದ ಸಂಗ್ರಹಿಸಿದ ಅದರ ಛಾಯಾಚಿತ್ರ. ಎರಡನೆಯದು ಕಣ್ಣಿಗೆ ಕಂಡಷ್ಟನ್ನು ಮಾತ್ರ ಬರೆದ ಪ್ರತಿಲಿಪಿ. ಅದರಲ್ಲಿ ೞಕಾರವು ೞಕಾರವಾಗಿಯೇ, ದೋಷವು ದೋಷವಾಗಿಯೇ ಇರಬೇಕು. ಮೂರನೆಯದು ಊಹಿತ ಪಾಠ. ಅದು ಪಂಡಿತನದೋ ಯಂತ್ರದ್ದೋ ಎಂಬುದನ್ನೂ, ಯಂತ್ರದ್ದಾದರೆ ಅದು ಹೇಳಿದ ಸಂಭವನೀಯತೆಯನ್ನೂ ತಿಳಿಸಿ ಅಡಿಟಿಪ್ಪಣಿಯಲ್ಲಿ ಕೊಡಬೇಕು. ೧೯೩೯ರ ಆ ಸಂಪಾದಕರು ಯಾವ ಯಂತ್ರವೂ ಇಲ್ಲದೆ ಪಾಲಿಸಿದ ಸಂಯಮವು ಇಷ್ಟೇ. ಯಂತ್ರಗಳು ಎಷ್ಟೇ ಚತುರವಾದರೂ ಅದರ ಅವಶ್ಯಕತೆ ಕಡಿಮೆಯಾಗದು. ಊಹೆಯು ಚತುರವಾದಷ್ಟೂ ಅದು ಮೂಲವೆಂಬ ಭ್ರಾಂತಿ ಬಲವಾಗುವುದರಿಂದ ಸಂಯಮದ ಅವಶ್ಯಕತೆ ಹೆಚ್ಚೇ ಆಗುತ್ತದೆ.